ನಳಕ್ಕೆ ಮಡಿ ಉಡಿಸಿದ ಬೇಸಿಗೆ

ನಾನು ಹೆಬ್ಬಳ್ಳಿಯ ಹುಡುಗಿ. ಹೊಲದ ಬಾವಿ, ಊರ ಕೆರೆ, ಮಳೆಗಾಲದ ಹಳ್ಳ, ಎಲ್ಲದರಲ್ಲೂ ಕೈಕಾಲು ಆಡಿಸಿಕೊಂಡು ಬೆಳೆದವಳು. ನೀರು ಅಂದರೆ ನೀರು, ಅಷ್ಟೇ ನನಗೆ ಗೊತ್ತಿದ್ದದ್ದು. ಧಾರವಾಡದ ಮನೆಗೆ ಸೊಸೆಯಾಗಿ ಬಂದ ಮೇಲೆ ನೀರಿನಲ್ಲೂ ಮೇಲು ಕೀಳು ಇದೆಯೆಂದು ತಿಳಿಯಿತು. ದೇವರ ನೀರು ಬೇರೆ, ಅಡಿಗೆಯ ನೀರು ಬೇರೆ, ಬಳಸುವ ನೀರು ಬೇರೆ. ಒಂದರ ಕೊಡ ಇನ್ನೊಂದಕ್ಕೆ ತಾಗಿತೋ, ಮುಗಿಯಿತು. ಎಲ್ಲವನ್ನೂ ಚೆಲ್ಲಿ ಮತ್ತೆ ಬಾವಿಯಿಂದಲೇ ಶುರು ಮಾಡಬೇಕು.

ನಮ್ಮ ಅತ್ತೆಯವರದು ಸಣ್ಣ ಮೈಕಟ್ಟು, ದೊಡ್ಡ ದನಿ. ಬೆಳಗಿನ ಜಾವ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಹಿತ್ತಲಿನ ಬಾವಿಗೆ ಹೋಗಿ, ದೇವರಿಗೂ ಅಡಿಗೆಗೂ ಬೇಕಾದ ನೀರನ್ನು ತಾವೇ ಸೇದಿ ತರುತ್ತಿದ್ದರು. ಅದು ಮಡಿ ನೀರು. ಆ ತಾಮ್ರದ ಕೊಡವನ್ನು ಅವರ ಹೊರತು ಯಾರೂ ಮುಟ್ಟುವಂತಿರಲಿಲ್ಲ. ಸೊಸೆಯಂತೂ ದೂರದಿಂದಲೇ ನೋಡಬೇಕು. ಸ್ನಾನ, ಬಟ್ಟೆ, ಪಾತ್ರೆಗಳ ನೀರು ಮಾತ್ರ ನನ್ನ ಪಾಲಿಗೆ ಬಂದಿತ್ತು, ಅಂದರೆ ಹಗ್ಗದ ಮುಕ್ಕಾಲು ಪಾಲು ದುಡಿಮೆ ನನ್ನದೇ. ಮದುವೆಯ ಮೆಹಂದಿ ಅಂಗೈಯಿಂದ ಮಾಸುವ ಮೊದಲೇ ಅಲ್ಲಿ ಬೊಬ್ಬೆಗಳು ಎದ್ದಿದ್ದವು.

ಆದರೂ ಬಾವಿಕಟ್ಟೆಯ ಮೇಲೆ ನಾನು ಸುಖವಾಗಿಯೇ ಇದ್ದೆ. ಅದಕ್ಕೆ ಕಾರಣ ನನ್ನ ನಾದಿನಿ. ಗಂಡುಮಕ್ಕಳ ಮನೆಯಲ್ಲಿ ಒಬ್ಬಳೇ ಹೆಣ್ಣುಮಗಳು, ನನಗಿಂತ ತುಸು ಚಿಕ್ಕವಳು. ಹಗ್ಗದ ಇನ್ನೊಂದು ಕೈ ಅವಳದೇ. ಬಾವಿಯ ರಾಟೆ, ನಮ್ಮ ಗಡಗಡಿ, ಕಿರುಗುಟ್ಟಿದರೆ ಅದೇ ಶ್ರುತಿ ಹಿಡಿದು ಅವಳು ಹಾಡು ಶುರು ಮಾಡುತ್ತಿದ್ದಳು. ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದ ಮಾವನವರಿಗೆ ಸಂಗೀತದ ಹುಚ್ಚು. ಒಳಗಿನಿಂದ ಅವರು ಕೂಗುತ್ತಿದ್ದರು: “ಶ್ರುತಿ ಇಳದದ ನೋಡ್ರಿ, ಗಡಗಡಿಗೆ ಎಣ್ಣಿ ಬಿಡ್ರಿ!” ನಾವು ನಕ್ಕು ನಕ್ಕು ಹಗ್ಗ ಸಡಿಲಬಿಟ್ಟರೆ, ಅರ್ಧ ಮೇಲೆ ಬಂದಿದ್ದ ಕೊಡ ಧಡ್ ಎಂದು ಕೆಳಗೆ ಹೋಗುತ್ತಿತ್ತು. ಆಮೇಲೆ ಅತ್ತೆಯವರ ಬೈಗುಳ, ಅದಕ್ಕೆ ಮತ್ತಷ್ಟು ನಗು.

ಮೂವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲವದು. ಕೆಲಗೇರಿ ಕೆರೆಯ ನೀರು ಕೊಳವೆಯಲ್ಲಿ ಊರಿಗೆ ಬರತೊಡಗಿ ಎಷ್ಟೋ ವರ್ಷವಾಗಿತ್ತು. ದೊಡ್ಡ ರಸ್ತೆಗಳಲ್ಲಿ ಸರಕಾರಿ ನಳಗಳಿದ್ದವು. ಶಾಲೆ, ಕಾಲೇಜು, ಕಚೇರಿ ಎಂದು ಜನ ಬಂದು ಸೇರಿ ಊರು ಬೆಳೆಯುತ್ತಲೇ ಇತ್ತು. ಕೊಳವೆಯೂ ಊರಿನ ಬೆನ್ನು ಹತ್ತಿ ಓಣಿ ಓಣಿ ಹೊಕ್ಕು, ಆ ಚಳಿಗಾಲದಲ್ಲಿ ನಮ್ಮ ಓಣಿಗೂ ಬಂತು. ನೆಲ ಅಗೆಯುವುದನ್ನು ನೋಡಲು ಓಣಿಗೆ ಓಣಿಯೇ ಹೊರಗೆ ನಿಂತಿತ್ತು. ನಾನೂ ನಾದಿನಿಯೂ ಕಿಟಕಿಯಲ್ಲಿ ಮುಖವಿಟ್ಟು, ನಮ್ಮ ಮನೆಗೆ ನಳ ಯಾವಾಗ ಬರುತ್ತದೆಂದು ಕಾದೆವು. ಎಡಗಡೆಯ ಮನೆಗೆ ಬಂತು, ಬಲಗಡೆಯ ಮನೆಗೂ ಬಂತು. ನಮಗೆ ಬರಲಿಲ್ಲ, ಏಕೆಂದರೆ ಅತ್ತೆಯವರ ಕಿವಿಗೆ ಒಂದು ಸುದ್ದಿ ಬಿದ್ದಿತ್ತು.

“ನಳದ ಹೊಟ್ಟ್ಯಾಗ ತೊಗಲಿನ ಬಿಲ್ಲಿ ಇರ್ತದಂತ. ಖರೇ ಏನ್ರಿ?” ಎಂದು ಅವರು ಊಟಕ್ಕೆ ಕೂತಿದ್ದ ಮಾವನವರನ್ನು ಕೇಳಿದರು.

ಸುಳ್ಳು ಹೇಳುವ ಅಭ್ಯಾಸ ಮಾವನವರಿಗೆ ಇರಲಿಲ್ಲ. ತಿರುಗಿಸಿದಾಗ ನೀರು ಗಟ್ಟಿಯಾಗಿ ನಿಲ್ಲಬೇಕಲ್ಲ, ಅದಕ್ಕೊಂದು ಚರ್ಮದ ಬಿಲ್ಲೆ ಹಾಕಿರುತ್ತಾರೆ ಎಂದರು.

“ಹಂಗಿದ್ರ ಆ ನೀರು ನನ್ನ ಅಡಿಗಿಮನಿ ಹೊಸ್ತಲಾ ದಾಟೂದು ಬ್ಯಾಡ.”

“ಅಲ್ಲ, ದೇವರ ಮುಂದ ಭಜನಿಗೆ ತಬಲಾ ಬಾರಸ್ತೇವಿ. ಅದಕ್ಕ ತೊಗಲಿಲ್ಲೇನು?”

“ತಬಲಾ ಕುಡೀತೀರೇನು?”

ಮಾವನವರು ಸೋಲುವವರಲ್ಲ. ತಾವು ಸಂಧ್ಯಾವಂದನೆಗೆ ಕೂಡುವ ಜಿಂಕೆಯ ಚರ್ಮದ ಮಾತು ತೆಗೆದರು. “ಅದನ್ನ ತೊಳದ ನೀರಿನ್ಯಾಗ ಸಾರು ಮಾಡಿ ಬಡಸಲೇನು?” ಎಂದರು ಅತ್ತೆಯವರು. ಕೋರ್ಟಿನಲ್ಲಿ ದೊಡ್ಡ ದೊಡ್ಡ ವಕೀಲರ ವಾದ ಕೇಳಿ ಬಂದ ಮನುಷ್ಯ ಸುಮ್ಮನೆ ಮಜ್ಜಿಗೆ ಅನ್ನ ಕಲಸಿಕೊಂಡರು. ಬಾಗಿಲ ಹಿಂದೆ ನಿಂತಿದ್ದ ನಾನೂ ನಾದಿನಿಯೂ ಸೆರಗು ಬಾಯಿಗೆ ತುರುಕಿಕೊಂಡೆವು. ನಗು ಬಂತು ನಿಜ, ಜೊತೆಗೆ ನನ್ನ ನಳ ಹೋಯಿತಲ್ಲ ಎಂಬ ಸಂಕಟವೂ ಆಯಿತು.

ಇಷ್ಟಕ್ಕೇ ನಿಂತಿದ್ದರೆ ನಾನು ಇನ್ನೂ ಎಷ್ಟೋ ವರ್ಷ ಹಗ್ಗ ಎಳೆಯುತ್ತಿದ್ದೆ. ಅಷ್ಟರಲ್ಲಿ ನಾದಿನಿಯ ಲಗ್ನ ಗೊತ್ತಾಯಿತು. ಹುಡುಗ ಹುಬ್ಬಳ್ಳಿಯ ರೇಲ್ವೆ ಕಚೇರಿಯಲ್ಲಿ ಕೆಲಸಕ್ಕಿದ್ದ. ಮುಹೂರ್ತ ಬಂದದ್ದು ವೈಶಾಖದಲ್ಲಿ. ಆ ಬೇಸಿಗೆ ನಮ್ಮ ಬಾವಿ ಹಿಂದೆಂದೂ ಇಳಿಯದಷ್ಟು ಇಳಿಯಿತು. ಕೊಡ ಬಿಟ್ಟರೆ ತಳದ ಕಲ್ಲಿಗೆ ಟಣ್ ಎಂದು ತಾಗುವ ಸಪ್ಪಳ ಅಡಿಗೆಮನೆಗೂ ಕೇಳುತ್ತಿತ್ತು. ಅತ್ತೆಯವರು ಒದ್ದೆ ಸೀರೆಯಲ್ಲಿ ಬಹಳ ಹೊತ್ತು ನಿಂತು, ಕೆಸರು ತಂಗಿದ ಮೇಲೆ ತಂಬಿಗೆ ತಂಬಿಗೆ ಸೋಸಿ ತರುತ್ತಿದ್ದರು. ಒಂದು ಹನಿ ಚೆಲ್ಲಿದರೂ ಸಹಿಸುತ್ತಿರಲಿಲ್ಲ. ಅಕ್ಕಿ ತೊಳೆದ ನೀರು ತುಳಸಿಗೆ, ಪಾತ್ರೆ ತೊಳೆದದ್ದು ಬಾಳೆಗೆ.

ಹುಬ್ಬಳ್ಳಿಯ ಬೀಗತಿಯ ಕಿವಿಗೂ ಇದು ಮುಟ್ಟಿತು. ಪುರೋಹಿತರ ಬಾಯಲ್ಲಿ ಆಕೆ ಹೇಳಿ ಕಳಿಸಿದರು: “ಧಾರವಾಡದಾಗ ಬ್ಯಾಸಗ್ಯಾಗ ನೀರಿನ ತ್ರಾಸ ಭಾಳಂತ. ನಮ್ಮ ಮನ್ಯಾಗ ಉಣಕಲ್ ಕೆರಿ ನಳ ಅದ. ಲಗ್ನಾ ನಮ್ಮಲ್ಲೇ ಆಗಲಿ.”

ಮಾತು ಮೃದುವಾಗಿಯೇ ಇತ್ತು. ಆದರೆ ನಮ್ಮ ಅತ್ತೆಯವರ ಎದೆಗೆ ನಾಟಿತು. ಮಗಳನ್ನು ಕೊಡುವಾಗ ತಾಯಿ ಗಿಂಡಿಯಿಂದ ನೀರಿನ ಧಾರೆ ಎರೆಯಬೇಕು. ಇದ್ದೊಬ್ಬ ಮಗಳಿಗೆ ಆ ಧಾರೆಯನ್ನು ತಮ್ಮ ಅಂಗಳದಲ್ಲಿ, ತಮ್ಮ ಬಾವಿಯ ನೀರಿನಿಂದ ಎರೆಯಬೇಕೆಂಬುದು ಅವಳು ತೊಟ್ಟಿಲಲ್ಲಿದ್ದಾಗಿನಿಂದ ಅವರು ಇಟ್ಟುಕೊಂಡಿದ್ದ ಆಸೆ. ಪರರ ಅಂಗಳದಲ್ಲಿ ನೆಂಟರಂತೆ ನಿಂತು ಮಗಳನ್ನು ಕೊಟ್ಟು ಬರುವುದೇ? ಆ ಮಧ್ಯಾಹ್ನ ಅವರು ಊಟ ಮಾಡಲಿಲ್ಲ. ಸಂಜೆ ಮಾವನವರ ಮುಂದೆ ಬಂದು ನಿಂತರು.

“ನಳಾ ಹಾಕಸ್ರಿ. ಆದ್ರ ತೊಗಲು ಬ್ಯಾಡ. ಮಡಿಗೆ ಸಲ್ಲೂದು ಏನರ ಇದ್ರ ಅದನ್ನ ಹಾಕ್ರಿ.”

ರಬ್ಬರಿನ ಬಿಲ್ಲೆಗಳು ಆಗಿನ್ನೂ ನಮ್ಮ ನಳದ ಮಿಸ್ತ್ರಿಯ ಚೀಲಕ್ಕೆ ಬಂದಿರಲಿಲ್ಲ. ಮಾವನವರು ಎರಡು ದಿನ ಕಚೇರಿಗೆ ಹೋಗುತ್ತ ಬರುತ್ತ ಯೋಚಿಸಿದರು. ಕೊನೆಗೆ ಟ್ರಂಕು ತೆರೆದು, ಪೂಜೆಗೆ ಉಡುತ್ತಿದ್ದ ತಮ್ಮ ಹಳೆಯ ಕೆಂಪು ರೇಷ್ಮೆಯ ಮಗುಟ ಹೊರಗೆ ತೆಗೆದರು. ಅಂಚು ಹರಿದು ಮೂಲೆಗೆ ಬಿದ್ದಿದ್ದರೂ ಅದು ಮಡಿಯೇ. ರೇಷ್ಮೆಗೆ ಮೈಲಿಗೆ ತಾಗುವುದಿಲ್ಲ. ಬಿಲ್ಲೆಯ ಅಳತೆಗೆ ಕತ್ತರಿಸಿ, ಪದರ ಪದರ ಕೂಡಿಸಿ ಹೊಲಿದರೆ ಚರ್ಮದ ಬದಲು ಅದನ್ನೇ ಹಾಕಬಹುದು! ಅತ್ತೆಯವರು ಮಗುಟವನ್ನು ತಿರುವಿ ತಿರುವಿ ನೋಡಿ, “ಇದು ನಡೀತದ,” ಎಂದರು. ಕೆರೆಯಿಂದ ನಮ್ಮ ಓಣಿಯ ತನಕ ದಾರಿಯಲ್ಲಿ ನೀರು ತಡೆದು ಬಿಡುವ ಕೀಲಿಗಳು ಇನ್ನೂ ಎಷ್ಟಿವೆ, ಅವುಗಳ ಹೊಟ್ಟೆಯಲ್ಲಿ ಏನೇನಿದೆ ಎಂದು ಅವರು ಕೇಳಲಿಲ್ಲ. ಮಾವನವರೂ ಹೇಳಲಿಲ್ಲ. ಇಬ್ಬರಿಗೂ ಲಗ್ನ ಅಂಗಳದಲ್ಲೇ ಆಗಬೇಕಿತ್ತು.

ಮಿಸ್ತ್ರಿ ಬಂದ. ಬಿಳಿ ಗಡ್ಡದ, ಸದಾ ಎಲೆ ಅಡಿಕೆ ಮೆಲ್ಲುವ ಸಾಬ. ವಿಷಯ ಕೇಳಿ ಮೊದಲು ಬಾಯಿ ಬಿಟ್ಟ, ಆಮೇಲೆ ಮನಸಾರೆ ನಕ್ಕ.

“ನನ್ನ ಗಡ್ಡಾ ಬೆಳ್ಳಗಾಗೂತನಕ ನಳಾ ಕೂಡಸೇನ್ರಿ ಬಾಯಾರ. ನಳಕ್ಕ ರೇಷ್ಮಿ ಉಡಸಿದ್ದು ಇದ ಮೊದಲ. ನನಗೇನ್ರಿ, ಜರತಾರಿ ಅಂಚಿಂದ ಹಾಕು ಅಂದ್ರೂ ಹಾಕ್ತೇನಿ.”

“ನೀರು ನಿಲ್ಲತದೋ ಇಲ್ಲೋ?”

“ನಿಲ್ಲತೈತ್ರಿ. ಆದ್ರ ರೇಷ್ಮಿ ಭಾಳ ದಿನಾ ತಡಿಯೂದಿಲ್ಲ. ಹರಿಯೂದ್ರೊಳಗ ಬದಲಿ ಮಾಡ್ತಿರಬೇಕು.”

“ಅದೇನ ದೊಡ್ಡ ಮಾತು? ನಾವು ದಿನಾ ಮಡಿ ಬದಲಿ ಮಾಡೂದಿಲ್ಲೇನು? ಅದೂ ಮಾಡಲಿ,” ಎಂದರು ಅತ್ತೆಯವರು.

ಬಿಲ್ಲೆ ಹೊಲಿಯುವ ಕೆಲಸ ನಾದಿನಿಗೆ ಬಂತು. ಅವಳ ಕಸೂತಿಯ ಕೈ ನಮ್ಮ ಓಣಿಯಲ್ಲೇ ಹೆಸರುವಾಸಿ. ಲಗ್ನದ ಸೀರೆಯ ಸೆರಗಿಗೆ ಗೋಪುರ, ತೇರು ಹಾಕುತ್ತಿದ್ದವಳು ಅದನ್ನು ಬದಿಗಿಟ್ಟು ಕೆಂಪು ಬಿಲ್ಲೆ ಹೊಲಿಯತೊಡಗಿದಳು. “ವೈನಿ, ನಟ್ಟನಡುವ ಒಂದು ನವಿಲು ಹಾಕಲೇನು? ನೀರು ಚಂದ ಬರ್ತದ,” ಎಂದು ನನ್ನನ್ನು ನಗಿಸಿದಳು. ಕೊಳವೆಯಲ್ಲಿ ನೀರಿಲ್ಲದ ಹೊತ್ತಿನಲ್ಲಿ ನಳ ಬಿಚ್ಚಿ ಬಿಲ್ಲೆ ಬದಲಿಸುವುದನ್ನೂ ಮಿಸ್ತ್ರಿಯಿಂದ ಕಲಿತಳು. ತಿರುಪು ಬಿಚ್ಚುವ ಪಾನಾ ಒಂದನ್ನು ಆತ ಅವಳಿಗೇ ಕೊಟ್ಟುಹೋದ. ಸೆರಗು ಸಿಕ್ಕಿಸಿ, ಪಾನಾ ಹಿಡಿದು ಅವಳು ಅಂಗಳಕ್ಕಿಳಿದರೆ ಮನೆಯವರೆಲ್ಲ, “ನಳದ ಸ್ನಾನ ಆತೇನು? ಮಡಿ ಉಟ್ಟಿತೇನು?” ಎಂದು ಕೇಳುವುದು ರೂಢಿಯಾಯಿತು.

ಮೊದಲ ದಿನ ನೀರು ಬಂದ ಗಳಿಗೆ ನನಗೆ ಇಂದಿಗೂ ನೆನಪಿದೆ. ಬೆಳಗಿನ ಹೊತ್ತು. ನಳ ಮೊದಲು ಗೊರಗೊರ ಎಂದಿತು, ಕೆಮ್ಮಿತು, ಆಮೇಲೆ ಬೆಳ್ಳನೆಯ ನೀರು ದಪ್ಪವಾಗಿ ಬಂತು. ಬೊಬ್ಬೆ ಒಡೆದ ಅಂಗೈಗಳನ್ನು ಅದರ ಕೆಳಗೆ ಹಿಡಿದು ನಿಂತೆ. ಯಾರೂ ಎಳೆಯದೆ ನೀರು ತಾನಾಗಿ ಬರುತ್ತಿತ್ತು! ನನಗಾದ ಸಂತೋಷಕ್ಕೆ ಅಳುವೇ ಬಂತು. ನಾದಿನಿ ನನ್ನ ಮುಖಕ್ಕೆ ಎರಚಿದಳು, ನಾನು ಅವಳಿಗೆ ಎರಚಿದೆ. “ಚೆಲ್ಲಬ್ಯಾಡ್ರೇ!” ಎಂದು ಅತ್ತೆಯವರು ಒಳಗಿನಿಂದ ಗುಡುಗಿದರು. ಅವರು ನಳದ ನೀರನ್ನು ಮೆಲ್ಲಗೆ ಅಡಿಗೆಗೆ ಬಿಟ್ಟುಕೊಂಡರು. ದೇವರಿಗೆ ಮಾತ್ರ ಬಾವಿಯದೇ. ಧಾರೆಗೆಂದು ಬಾವಿಯ ನೀರು ಒಂದು ಗಿಂಡಿ ಸೋಸಿ, ಬಾಯಿ ಕಟ್ಟಿ ದೇವರ ಕೋಣೆಯಲ್ಲಿ ಮೊದಲೇ ಎತ್ತಿಟ್ಟುಕೊಂಡರು. ಹುಬ್ಬಳ್ಳಿಗೆ ಸುದ್ದಿ ಹೋಯಿತು: ನಮ್ಮ ಮನ್ಯಾಗೂ ನಳ ಅದ, ಲಗ್ನ ಇಲ್ಲೇ.

ಲಗ್ನದ ಸಂಭ್ರಮದಲ್ಲಿ ನಾವೆಲ್ಲ ಸೇರಿ ಮರೆತದ್ದು ಒಂದೇ. ನಳಕ್ಕೆ ಮಡಿ ಬದಲಿಸುತ್ತಿದ್ದವಳು ಮದುಮಗಳು. ಅವಳಿಗೆ ಅರಿಶಿಣ ಹಚ್ಚಿ ಹಸೆಯ ಮೇಲೆ ಕೂಡಿಸಿ, ಕಡ್ಡಿ ಎತ್ತಿಡಲೂ ಬಿಡಲಿಲ್ಲ. ಬಂದ ನೆಂಟರೆಲ್ಲ ನಳ ನೋಡುವ ಉತ್ಸಾಹದಲ್ಲಿ ತಿರುಗಿಸಿದ್ದೇ ತಿರುಗಿಸಿದ್ದು. ಬಿಲ್ಲೆಗಳು ಗೋಡೆಯ ಗೂಡಿನಲ್ಲಿದ್ದವು, ಪಾನಾ ಅವುಗಳ ಪಕ್ಕದಲ್ಲಿತ್ತು, ಯಾರಿಗೂ ನೆನಪಾಗಲಿಲ್ಲ.

ಲಗ್ನದ ದಿನ ಬೆಳಗ್ಗೆ ನೀರು ಬಂತು. ಅಡಿಗೆಯವರ ಕೊಪ್ಪರಿಗೆ ತುಂಬಿತು. ನಾನು ನಳ ಬಂದ್ ಮಾಡಲು ಹೋದೆ. ತಿರುಗಿಸಿದೆ, ನಿಲ್ಲಲಿಲ್ಲ. ಇನ್ನೂ ತಿರುಗಿಸಿದೆ. ನೀರಿನ ಜೊತೆ ಕೆಂಪು ಕೆಂಪು ನೂಲು ಬರತೊಡಗಿತು. ಮಾವನವರ ಮಗುಟ ಎಳೆ ಎಳೆಯಾಗಿ ಬಂದು ನನ್ನ ಕೈಗೆ ಸುತ್ತಿಕೊಂಡಿತು. ಬಿಲ್ಲೆ ಚಿಂದಿಯಾಗಿತ್ತು.

“ವೈನಿ! ನಳಕ್ಕ ಮಡಿ ಬದಲಿ ಮಾಡಿಲ್ಲ!” ಎಂದು ಹಸೆಯ ಮೇಲಿದ್ದ ನಾದಿನಿ ಚೀರಿ, ಬಾಸಿಂಗ ಸರಿಮಾಡಿಕೊಂಡು ಏಳಲು ನೋಡಿದಳು.

“ಕೂಡು ಅಲ್ಲೇ! ಮದಲಗಿತ್ತಿ ಪಾನಾ ಹಿಡೀತಾಳಂತ!” ಎಂದು ಅತ್ತೆಯವರು ಗದರಿದರು.

ಅವಳು ಎದ್ದು ಬಂದಿದ್ದರೂ ಆಗುತ್ತಿರಲಿಲ್ಲ, ಕೊಳವೆಯಲ್ಲಿ ನೀರು ಭೋರ್ಗರೆಯುತ್ತಿತ್ತು. ಮಿಸ್ತ್ರಿಯನ್ನು ಕರೆಯಲು ಜನ ಓಡಿದರು. ಇತ್ತ ಹಂಡೆ ತುಂಬಿತು, ಬೋಗುಣಿಗಳು ತುಂಬಿದವು, ತಂಬಿಗೆ, ಬಟ್ಟಲು, ಕೊನೆಗೆ ಹೋಳಿಗೆ ಇಡಲು ತಂದಿದ್ದ ಪರಾತಗಳೂ ತುಂಬಿದವು. ಓಣಿಯ ಹೆಂಗಸರು ಕೊಡ ಹಿಡಿದು ಸಾಲಾಗಿ ಬಂದರು. ಆದರೂ ನೀರು ಅಂಗಳ ತುಂಬಿ, ರಂಗೋಲಿಯನ್ನು ಕರಗಿಸಿಕೊಂಡು, ಬಾಗಿಲು ದಾಟಿ ಓಣಿಗೆ ಹರಿಯಿತು. ಅತ್ತೆಯವರು ಮಡಿ ರೇಷ್ಮೆಯುಟ್ಟು ಕಟ್ಟೆಯ ಮೇಲೆ ನಿಂತು ಅದನ್ನೇ ನೋಡುತ್ತಿದ್ದರು. ತಿಂಗಳುಗಟ್ಟಲೆ ಹನಿ ಹನಿ ಸೋಸಿದ್ದ ಹೆಂಗಸು ಅವರು.

ಸರಿಯಾಗಿ ಆಗಲೇ ಓಣಿಯ ತುದಿಯಲ್ಲಿ ಸನಾದಿ ಕೇಳಿಸಿತು. ರೈಲಿಳಿದು ಹುಬ್ಬಳ್ಳಿಯ ಬೀಗರು ಬರುತ್ತಿದ್ದರು. ಮುಂದೆ ಬೀಗತಿ, ಹೊಸ ಜರತಾರಿ ಸೀರೆ, ಮೂಗಿನಲ್ಲಿ ದೊಡ್ಡ ನತ್ತು. ನಮ್ಮ ಕೆಂಪು ನೂಲು ಬೆರೆತ ನೀರು ನೇರ ಅವರ ಪಾದಕ್ಕೇ ಹೋಯಿತು. ಇನ್ನೇನು, ಗಂಡಿನವರು ಮುನಿಸಿಕೊಳ್ಳುತ್ತಾರೆ ಎಂದುಕೊಂಡೆ.

ಬೀಗತಿ ನಿಂತರು. ನಿರಿಗೆ ಎತ್ತಿ ಹಿಡಿದರು. ನೀರನ್ನು ನೋಡಿದರು, ಕೊಡ ಹಿಡಿದು ನಿಂತ ಸಾಲನ್ನು ನೋಡಿದರು, ಗಹಗಹಿಸಿ ನಕ್ಕರು.

“ಧಾರವಾಡದವರು ಕಾಲಿಗೆ ನೀರು ಕೊಡ್ತಾರಂತ ಗೊತ್ತಿತ್ತು. ಓಣಿ ತುಂಬ ಕೊಡ್ತಾರಂತ ಗೊತ್ತಿದ್ದಿಲ್ಲ ನೋಡ್ರಿ!”

ನಕ್ಕವರ ದನಿಗೆ ಸನಾದಿಯೇ ಮುಳುಗಿತು. ಮಾವನವರು ನಾಚುತ್ತ ನಾಚುತ್ತ ಮಗುಟದ ಕಥೆ ಹೇಳಿದರು. ಅಷ್ಟರಲ್ಲಿ ಮಿಸ್ತ್ರಿ ಬಂದು ಓಣಿಯ ಕೀಲಿ ತಿರುಗಿಸಿ ನೀರು ನಿಲ್ಲಿಸಿದ. ಆದರೆ ಕೀಲಿ ಹಾಗೇ ಇಟ್ಟರೆ ಓಣಿಗೆಲ್ಲ ನೀರಿಲ್ಲ. “ಈಗ ಏನ ಹಾಕಲ್ರಿ ಬಾಯಾರ?” ಎಂದು ಕೇಳಿದ. ಒಂದು ಕೈಯಲ್ಲಿ ಗೂಡಿನ ರೇಷ್ಮೆ ಬಿಲ್ಲೆ, ಇನ್ನೊಂದರಲ್ಲಿ ತನ್ನ ಚೀಲದ ಚರ್ಮದ ಬಿಲ್ಲೆ.

ಅತ್ತೆಯವರು ಬೀಗತಿಯ ಕಡೆ ತಿರುಗಿದರು. “ನಿಮ್ಮ ಮನಿ ನಳದಾಗ ಏನು ಹಾಕೀರಿ?”

“ನಾವೇನು ಅದರ ಹೊಟ್ಟಿ ಸೀಳಿ ನೋಡಿಲ್ರಿ. ತೊಗಲ ಇರಬೇಕು. ಕುಡಕೋತ ಬಂದೇವಿ, ಛಲೋ ಇದ್ದೇವಿ.”

ಅತ್ತೆಯವರು ಹಸೆಯ ಮೇಲಿದ್ದ ಮಗಳನ್ನು ನೋಡಿದರು.

“ನಾಳಿಂದ ನನ್ನ ಮಗಳು ಕುಡಿಯೂದು ಆ ನೀರು,” ಎಂದರು. “ಆಕಿಗೆ ಆಗೂದು ನನಗ ಯಾಕ ಆಗೂದಿಲ್ಲ? ತೊಗಲಿಂದ ಹಾಕು, ಮಿಸ್ತ್ರಿ. ನೀರು ಹಾಳಾಗೂದು ನೋಡಲಿಕ್ಕೆ ನನ್ನ ಕಡಿಂದ ಆಗೂದಿಲ್ಲ.”

ಮಿಸ್ತ್ರಿ ಬಿಲ್ಲೆ ಹಾಕಿ, ಓಣಿಯ ಕೀಲಿ ಬಿಟ್ಟ. ಆಗ ಅತ್ತೆಯವರು ದೇವರ ಕೋಣೆಗೆ ಹೋಗಿ, ಧಾರೆಗೆಂದು ಎತ್ತಿಟ್ಟ ಗಿಂಡಿ ತಂದರು. ಅರ್ಧ ನೀರನ್ನು ತುಳಸಿಯ ಬುಡಕ್ಕೆ ಸುರಿದರು. ಉಳಿದರ್ಧದ ಮೇಲೆ ನಳದ ನೀರು ತುಂಬಿಕೊಂಡರು. ಮುಹೂರ್ತಕ್ಕೆ ಮಗಳ ಕೈಯ ಮೇಲೆ ಅವರು ಎರೆದದ್ದು ಬಾವಿಯದೂ ನಳದ್ದೂ ಕೂಡಿದ ನೀರು. ಧಾರೆ ಸಣ್ಣಗೆ, ಎಲ್ಲೂ ತುಂಡಾಗದೆ ಬಿತ್ತು. ಆರತಿಯ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದ ನಾನು, ಇಂಥ ಚೆಂದದ ಲಗ್ನವನ್ನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಊಟಕ್ಕೆ ನೀರಿನ ಕೊರತೆ ಆಗುವ ಮಾತೇ ಇರಲಿಲ್ಲ. ಹೋಳಿಗೆಯ ಪರಾತಗಳಲ್ಲಿದ್ದ ನೀರನ್ನು ಎಲ್ಲಿಗೆ ಸುರಿಯುವುದೆಂಬುದೇ ಅಡಿಗೆಯವರ ಗೋಳು.

ಮರುದಿನ ಸಂಜೆಯ ಗಾಡಿಗೆ ನಾದಿನಿಯನ್ನು ಕಳಿಸಿಕೊಟ್ಟು ಬಂದೆವು. ಹೊರಡುವಾಗ ಅವಳು ನನ್ನ ಕೈಗೆ ಏನೋ ತುರುಕಿದಳು. ನೋಡಿದರೆ ಪಾನಾ! ಅಳುತ್ತಿದ್ದ ನಾವಿಬ್ಬರೂ ಒಟ್ಟಿಗೆ ನಕ್ಕುಬಿಟ್ಟೆವು.

ಮನೆಯಲ್ಲಿ ಚಪ್ಪರದ ಮಾವಿನೆಲೆ ಬಾಡಿ ನೇತಾಡುತ್ತಿತ್ತು. ಸಂಜೆಯ ನೀರು ಬಂದಿತ್ತು. ಅತ್ತೆಯವರು ಅಂಗಳಕ್ಕಿಳಿದು ನಳ ತಿರುಗಿಸಿದರು, ನೀರು ಬಂತು. ಬಂದ್ ಮಾಡಿದರು, ಒಂದು ಹನಿಯೂ ಬೀಳಲಿಲ್ಲ. ಮತ್ತೆ ತಿರುಗಿಸಿದರು, ಮತ್ತೆ ಬಂದ್ ಮಾಡಿದರು. ನಾನು ಹತ್ತಿರ ಹೋಗಿ ನಿಂತೆ.

“ನಿಲ್ಲು ಅಂದ್ರ ನಿಂತಬಿಡ್ತದ ನೋಡು,” ಎಂದರು. “ನಮ್ಮ ಹುಡುಗಿ ನಿಲ್ಲತಿದ್ಳೇನು?”

“ಹುಬ್ಬಳ್ಳಿ ಏನ ದೂರ್ರಿ ಅತ್ಯಾರ. ರಾಯಾಪುರ ದಾಟಿದ್ರ ಬಂತು.”

“ಅದು ಖರೇ,” ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು. ಆಮೇಲೆ ಒಳಗೆ ಹೋಗಿ ತಾಮ್ರದ ಕೊಡ ತಂದು ನನ್ನ ಕೈಗೆ ಕೊಟ್ಟರು, ಆ ತನಕ ನಾನು ಒಮ್ಮೆಯೂ ಮುಟ್ಟದ ಮಡಿ ನೀರಿನ ಕೊಡವನ್ನು.

“ನಾಳಿಂದ ನೀ ತುಂಬು, ದೇವರಿಗೂ ನಳದ್ದ ಇರಲಿ. ನನಗ ಇನ್ನ ಆಗೂದಿಲ್ಲ. ಮತ್ತ ಮನ್ಯಾಗ ಹೆಣ್ಣಮಗಳು ಅಂದ್ರ ನೀನ ಅಲ್ಲ?”

ಮರುದಿನ ಬೆಳಗಿನ ಜಾವ ಯಾರೂ ಎಬ್ಬಿಸುವ ಮೊದಲೇ ಎದ್ದೆ. ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲಿ ಅಂಗಳಕ್ಕಿಳಿದು, ಕೊಡವನ್ನು ನಳದ ಕೆಳಗಿಟ್ಟು ನೀರು ಬರುವುದನ್ನೇ ಕಾಯುತ್ತ ಕೂತೆ.